ಕೃತ್ತಿಕೆಯ ಛಾಯಾಚಿತ್ರ

ರಾತ್ರಿಯ ಆಕಾಶದಲ್ಲಿ ಹೆಸರು ಹಿಡಿದು ಗುರುತಿಸಬಲ್ಲ ನಕ್ಷತ್ರಗಳು ನಮ್ಮಲ್ಲಿ ಬಹುಮಂದಿಗೆ ನಾಲ್ಕೈದಕ್ಕಿಂತ ಹೆಚ್ಚಾಗಿರಲಾರವು. ಆ ನಾಲ್ಕೈದರಲ್ಲಿ ಕೃತ್ತಿಕೆ ಒಂದಾಗಿರುವುದು ಬಹುಮಟ್ಟಿಗೆ ಖಂಡಿತ. ವೃಷಭ ರಾಶಿಯಲ್ಲಿ, ಕೆಂಪಗೆ ಹೊಳೆಯುವ ರೋಹಿಣಿಗೆ ಸ್ವಲ್ಪ ಪಶ್ಚಿಮವಾಗಿ, ಯಾರೋ ಒಂದು ಚಿಟಿಕೆ ಬೆಳ್ಳಿಯ ಹುಡಿಯನ್ನು ಉದುರಿಸಿದಂತೆ ತೋರುವ ಈ ಸಣ್ಣ ಗುಂಪಿಗೆ ನಮ್ಮ ದೇಶದಲ್ಲಿ ದೊರೆತಿರುವ ಗೌರವ ಸಾಮಾನ್ಯವಾದುದಲ್ಲ. ಷಣ್ಮುಖನಿಗೆ ಹಾಲೂಡಿದ ಆರು ಮಂದಿ ತಾಯಂದಿರು ಇವರೇ ಎಂದು ಪುರಾಣ ಹೇಳುತ್ತದೆ. ತೈತ್ತಿರೀಯ ಬ್ರಾಹ್ಮಣದಲ್ಲಿ ಅಂಬಾ, ದುಲಾ, ನಿತತ್ನೀ, ಅಭ್ರಯಂತೀ, ಮೇಘಯಂತೀ, ವರ್ಷಯಂತೀ, ಚುಪುಣೀಕಾ ಎಂದು ಇವರಿಗೆ ಏಳು ಹೆಸರುಗಳು ಕಾಣಬರುತ್ತವೆ. ಪೂರ್ಣಚಂದ್ರನು ಇವರ ಬಳಿಗೆ ಬರುವ ತಿಂಗಳೇ ಕಾರ್ತಿಕ ಮಾಸ. ನಮ್ಮ ರೈತರಂತೂ ಮೇ ತಿಂಗಳ ಎರಡನೆಯ ವಾರದಿಂದ ಸುಮಾರು ಹದಿನಾಲ್ಕು ದಿನಗಳ ಕಾಲ ಬೀಳುವ ಮಳೆಯನ್ನು ಕೃತ್ತಿಕೆಯ ಮಳೆಯೆಂದೇ ಕರೆಯುತ್ತಾರೆ. ಆ ದಿನಗಳಲ್ಲಿ ಸೂರ್ಯನು ಆ ನಕ್ಷತ್ರದಲ್ಲಿರುವುದರಿಂದ, ಮಳೆಗೆ ಹೆಸರು ಕೊಟ್ಟ ಕೃತ್ತಿಕೆ ಮಾತ್ರ ಆಗ ಯಾರ ಕಣ್ಣಿಗೂ ಬೀಳುವುದಿಲ್ಲ!

ಇಷ್ಟು ಪರಿಚಿತವಾದ ಈ ಗುಂಪನ್ನು ಒಂದು ಸಣ್ಣ ದೂರದರ್ಶಕದ ಸಹಾಯದಿಂದ ಛಾಯಾಚಿತ್ರದಲ್ಲಿ ಹಿಡಿಯುವ ಬಗೆ ಹೇಗೆ, ಹಿಡಿದ ಚಿತ್ರದಿಂದ ತಿಳಿಯಬರುವುದೇನು, ಅದರಲ್ಲಿ ನಂಬತಕ್ಕದ್ದು ಯಾವುದು, ನಂಬಬಾರದ್ದು ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಇದು ವೇಧಶಾಲೆಗಳ ವಿದ್ವಾಂಸರಿಗೆ ಮೀಸಲಾದ ಕೆಲಸವೆಂದು ಯಾರೂ ಹಿಂಜರಿಯಬೇಕಾದುದಿಲ್ಲ. ಈ ವಿಷಯದ ಚರಿತ್ರೆಯಲ್ಲಿ ಹವ್ಯಾಸಿಗಳ ಪಾಲು ದೊಡ್ಡದು.

ಮೊದಲು ಕೃತ್ತಿಕೆಯೆಂದರೆ ಏನೆಂಬುದನ್ನು ನೋಡೋಣ. ಬರಿಗಣ್ಣಿಗೆ ಸಾಮಾನ್ಯವಾಗಿ ಆರು ನಕ್ಷತ್ರಗಳು ಕಾಣುತ್ತವೆ. ತೀಕ್ಷ್ಣವಾದ ದೃಷ್ಟಿಯುಳ್ಳವರಿಗೆ, ಆಕಾಶ ಚೆನ್ನಾಗಿ ಕಪ್ಪಾಗಿದ್ದಲ್ಲಿ, ಇನ್ನೂ ಕೆಲವು ಕಾಣುವುದುಂಟು. ೧೬೧೦ರಲ್ಲಿ ಗೆಲಿಲಿಯೋ ತನ್ನ ಹೊಸ ದೂರದರ್ಶಕವನ್ನು ಇತ್ತ ತಿರುಗಿಸಿ ೩೬ ನಕ್ಷತ್ರಗಳ ನಕ್ಷೆಯೊಂದನ್ನು ಪ್ರಕಟಿಸಿದನು. ಇಷ್ಟೊಂದು ನಕ್ಷತ್ರಗಳು ಒಂದೆಡೆ ಸೇರಿರುವುದು ಆಕಸ್ಮಿಕವೋ, ಅಥವಾ ಅವು ನಿಜವಾಗಿಯೂ ಒಂದೇ ಕುಟುಂಬಕ್ಕೆ ಸೇರಿದವೋ? ಹತ್ತಿರದ ಮರವೂ ದೂರದ ಗೋಪುರವೂ ಒಂದೇ ದಿಕ್ಕಿನಲ್ಲಿದ್ದರೆ ಒಂದರ ಪಕ್ಕದಲ್ಲಿ ಇನ್ನೊಂದು ಇರುವಂತೆ ತೋರುವುದಷ್ಟೆ. ಈ ಪ್ರಶ್ನೆಯನ್ನು ೧೭೬೭ರಲ್ಲಿ ಇಂಗ್ಲೆಂಡಿನ ಪಾದ್ರಿಯಾದ ಜಾನ್ ಮಿಚೆಲ್ ಎಂಬಾತನು ಗಣಿತಕ್ಕೆ ಒಳಪಡಿಸಿದನು. ಆಕಾಶದಲ್ಲಿ ನಕ್ಷತ್ರಗಳನ್ನು ಮನಬಂದಂತೆ ಎರಚಿದರೆ ಆರು ಪ್ರಕಾಶಮಾನವಾದ ನಕ್ಷತ್ರಗಳು ಹೀಗೆ ಒತ್ತಾಗಿ ಬೀಳುವ ಸಂಭವ ಸುಮಾರು ಐದು ಲಕ್ಷಕ್ಕೆ ಒಂದು ಎಂದು ಅವನು ಲೆಕ್ಕಹಾಕಿದನು. ಆದಕಾರಣ ಇದು ಆಕಸ್ಮಿಕವಲ್ಲ, ನಿಜವಾದ ಗುಂಪು. ಇಂದು ಈ ಕುಟುಂಬದಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿರುವುದು ತಿಳಿದಿದೆ. ಫ್ರಾನ್ಸಿನ ಮೆಸ್ಯೇ ೧೭೬೯ರಲ್ಲಿ ಇದನ್ನು ತನ್ನ ಪಟ್ಟಿಯಲ್ಲಿ ನಲವತ್ತೈದನೆಯದಾಗಿ ಸೇರಿಸಿದನಾದುದರಿಂದ ಮೆಸ್ಯೇ ೪೫ ಎಂಬ ಹೆಸರೂ ಇದಕ್ಕುಂಟು.

ನಕ್ಷತ್ರಗಳ ಗುಂಪುಗಳಲ್ಲಿ ಎರಡು ಬಗೆ. ಲಕ್ಷಗಟ್ಟಲೆ ಮುದಿ ನಕ್ಷತ್ರಗಳು ಜೇನುಹುಳುಗಳಂತೆ ಮುತ್ತಿಕೊಂಡು ಚೆಂಡಿನಾಕಾರವಾಗಿರುವವು ಗೋಳಗುಚ್ಛಗಳು. ಕೆಲವು ನೂರು ಅಥವಾ ಸಾವಿರ ನಕ್ಷತ್ರಗಳು ಒಂದೇ ಮೇಘದಿಂದ ಹುಟ್ಟಿ, ಒಂದನ್ನೊಂದು ಸಡಿಲವಾಗಿ ಹಿಡಿದುಕೊಂಡು, ಕಾಲಕ್ರಮದಲ್ಲಿ ಚದುರಿಹೋಗುವವು ತೆರೆದ ಗುಚ್ಛಗಳು. ಕೃತ್ತಿಕೆ ಈ ಎರಡನೆಯ ಜಾತಿಯದು.

ಇನ್ನು ಛಾಯಾಚಿತ್ರದ ಅವಶ್ಯಕತೆಯೇನು? ಕಣ್ಣಿನಿಂದಲೇ ನೋಡಿ ತಣಿಯಬಾರದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕಣ್ಣಿಗೆ ಒಂದು ಸ್ವಭಾವವಿದೆ. ಅದು ಬೆಳಕನ್ನು ಕೂಡಿಡುವುದಿಲ್ಲ. ಸೆಕೆಂಡಿನ ಒಂದು ಅಲ್ಪ ಭಾಗದಲ್ಲಿ ಬಂದ ಬೆಳಕನ್ನು ಮೆದುಳಿಗೆ ಒಪ್ಪಿಸಿ, ಮತ್ತೆ ಬರಿಗೈಯಲ್ಲಿ ಮೊದಲಾಗುತ್ತದೆ. ಹತ್ತು ನಿಮಿಷ ದಿಟ್ಟಿಸಿದರೂ ಮೊದಲು ಕಾಣದ ಮಂದವಾದ ಮಂಜು ಕಡೆಗೂ ಕಾಣದೆ ಹೋಗಬಹುದು. ಛಾಯಾಗ್ರಾಹಕದ ಫಲಕ ಹಾಗಲ್ಲ. ಅದು ಜಿಪುಣನಂತೆ ಬಂದ ಕಾಸನ್ನೆಲ್ಲ ಕೂಡಿಡುತ್ತದೆ. ಒಂದು ಗಂಟೆ ತೆರೆದಿಟ್ಟರೆ ಒಂದು ಗಂಟೆಯ ಬೆಳಕೆಲ್ಲವೂ ಅದರ ಗಂಟಿನಲ್ಲಿರುತ್ತದೆ.

ಈ ವ್ಯತ್ಯಾಸದಿಂದ ಎಂತಹ ಪರಿಣಾಮವಾಯಿತೆಂಬುದಕ್ಕೆ ಕೃತ್ತಿಕೆಯೇ ಒಳ್ಳೆಯ ಉದಾಹರಣೆ. ೧೮೫೯ರಲ್ಲಿ ವೆನಿಸ್ ನಗರದಲ್ಲಿ ಟೆಂಪಲ್ ಎಂಬಾತನು ನಾಲ್ಕು ಅಂಗುಲದ ದೂರದರ್ಶಕದಿಂದ ನೋಡುತ್ತಿರುವಾಗ, ಮೆರೋಪೆ ಎಂಬ ನಕ್ಷತ್ರದ ಬಳಿ, ಕನ್ನಡಿಯ ಮೇಲೆ ಉಸಿರು ಬಿದ್ದಾಗ ಕಾಣುವಂತಹ ಒಂದು ಮಬ್ಬನ್ನು ಕಂಡನು. ಅವನಿಗಿಂತ ದೊಡ್ಡ ಉಪಕರಣಗಳುಳ್ಳ ಕೆಲವರಿಗೆ ಅದು ಕಾಣಲಿಲ್ಲ, ಕೆಲವರಿಗೆ ಕಂಡಿತು. ಇದೆಯೋ ಇಲ್ಲವೋ ಎಂಬ ವಿವಾದ ಬಹುಕಾಲ ನಡೆಯಿತು. ಕಣ್ಣು ಕಣ್ಣಿಗೆ ವಿರೋಧವಾಗಿ ಸಾಕ್ಷಿ ಹೇಳುತ್ತಿದ್ದಲ್ಲಿ ತೀರ್ಪು ಕೊಡುವವರು ಯಾರು? ೧೮೮೫ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಹೆನ್ರಿ ಸಹೋದರರು ೩೩ ಸೆಂಟಿಮೀಟರ್ ವ್ಯಾಸದ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ಮಾಯಾ ಎಂಬ ಇನ್ನೊಂದು ನಕ್ಷತ್ರದ ಸುತ್ತಲೂ, ಯಾರೂ ಅದುವರೆಗೆ ಕಂಡಿರದಿದ್ದ ನೀಹಾರಿಕೆಯೊಂದು ಮೂಡಿತು. ಮರುವರ್ಷವೇ ಲಿವರ್‌ಪೂಲಿನ ಸಮೀಪದಲ್ಲಿ ಐಸಾಕ್ ರಾಬರ್ಟ್ಸ್ ತೆಗೆದ ಚಿತ್ರಗಳಲ್ಲಿ ಇಡೀ ಗುಂಪೇ ತೆಳುವಾದ ಹೊಗೆಯಲ್ಲಿ ಮುಳುಗಿರುವಂತೆ ಕಂಡಿತು. ಈ ರಾಬರ್ಟ್ಸ್ ವೃತ್ತಿಯಿಂದ ಕಟ್ಟಡಗಳನ್ನು ಕಟ್ಟಿಸುವವನು. ಖಗೋಳವು ಅವನ ಬಿಡುವಿನ ಹೊತ್ತಿನ ಪ್ರೀತಿ. ವಿವಾದವನ್ನು ಮುಗಿಸಿದವರಲ್ಲಿ ಒಬ್ಬ ಹವ್ಯಾಸಿಯೂ ಇದ್ದನೆಂಬುದನ್ನು ಮರೆಯಬಾರದು.

ಆ ಕಾಲದ ಗಾಜಿನ ಫಲಕಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ಮಾತ್ರ ಉಪಯೋಗಿಸಿಕೊಳ್ಳುತ್ತಿದ್ದವು. ಇಂದಿನ ಡಿಜಿಟಲ್ ಕ್ಯಾಮೆರಾದ ಸಂವೇದಕ ಅರ್ಧಕ್ಕಿಂತಲೂ ಹೆಚ್ಚು ಪಾಲನ್ನು ಹಿಡಿಯುತ್ತದೆ. ಹೀಗಾಗಿ ಹೆನ್ರಿ ಸಹೋದರರು ರಾಜಯೋಗ್ಯವಾದ ಉಪಕರಣದಿಂದ ಪಡೆದ ಫಲವನ್ನು ಒಬ್ಬ ಸಾಮಾನ್ಯ ಗೃಹಸ್ಥನು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಉಪಕರಣದಿಂದ ಪಡೆಯುವುದು ಸಾಧ್ಯವಾಗಿದೆ.

ಯಾವ ಉಪಕರಣ? ಇಲ್ಲಿ ಹೊಸಬರು ಸಾಮಾನ್ಯವಾಗಿ ಎಣಿಸುವುದು, ದೂರದರ್ಶಕ ದೊಡ್ಡದಾದಷ್ಟೂ, ಅದರ ವರ್ಧನಶಕ್ತಿ ಹೆಚ್ಚಾದಷ್ಟೂ ಒಳ್ಳೆಯದೆಂದು. ತೆರೆದ ಗುಚ್ಛದ ವಿಷಯದಲ್ಲಿ ಇದು ತಲೆಕೆಳಗಾದ ಮಾತು. ಕೃತ್ತಿಕೆಯ ಪ್ರಕಾಶಮಾನವಾದ ನಕ್ಷತ್ರಗಳೇ ಒಂದು ಡಿಗ್ರಿಯಷ್ಟು, ಅಂದರೆ ಎರಡು ಪೂರ್ಣಚಂದ್ರರನ್ನು ಒತ್ತಟ್ಟಿಗಿಟ್ಟಷ್ಟು ಅಗಲವಾಗಿ ಹರಡಿವೆ. ಇಡೀ ಗುಂಪು ಎರಡು ಡಿಗ್ರಿಗೆ ಕಡಿಮೆಯಿಲ್ಲ. ದೂರದರ್ಶಕದ ಮಸೂರದಿಂದ ಬಿಂಬ ಬೀಳುವ ಸ್ಥಳದವರೆಗಿನ ಅಂತರಕ್ಕೆ ನಾಭಿದೂರವೆಂದು ಹೆಸರು. ೨,೦೦೦ ಮಿಲಿಮೀಟರ್ ನಾಭಿದೂರವುಳ್ಳ ದೊಡ್ಡ ದೂರದರ್ಶಕಕ್ಕೆ, ೨೩.೫ ಮಿಲಿಮೀಟರ್ ಉದ್ದವೂ ೧೫.೬ ಮಿಲಿಮೀಟರ್ ಅಗಲವೂ ಉಳ್ಳ ಸಾಧಾರಣ ಸಂವೇದಕದ ಕ್ಯಾಮೆರಾವನ್ನು ಜೋಡಿಸಿದರೆ, ಚಿತ್ರದ ಉದ್ದದಲ್ಲಿ ಹಿಡಿಯುವ ಆಕಾಶ ಮುಕ್ಕಾಲು ಡಿಗ್ರಿಗೂ ಕಡಿಮೆ. ಬಾಗಿಲ ಸಂದಿನಿಂದ ತೇರನ್ನು ನೋಡಿದಂತಾಯಿತು. ಅದೇ ಕ್ಯಾಮೆರಾವನ್ನು ೮೦ ಮಿಲಿಮೀಟರ್ ವ್ಯಾಸ, ೪೦೦ ಮಿಲಿಮೀಟರ್ ನಾಭಿದೂರದ ಸಣ್ಣ ದೂರದರ್ಶಕಕ್ಕೆ ಜೋಡಿಸಿದರೆ ೩.೪ ಡಿಗ್ರಿ ಉದ್ದ, ೨.೨ ಡಿಗ್ರಿ ಅಗಲದ ಆಕಾಶ ದೊರೆಯುತ್ತದೆ. ಕೃತ್ತಿಕೆ ಅದರ ನಡುವೆ, ಸುತ್ತಲೂ ಅಂಚು ಬಿಟ್ಟು, ಚೌಕಟ್ಟಿನಲ್ಲಿಟ್ಟ ಪಟದಂತೆ ಕುಳಿತುಕೊಳ್ಳುವುದು.

ಮಸೂರದ ಗುಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಎರಡೇ ಗಾಜುಗಳಿಂದಾದ ಅಗ್ಗದ ಮಸೂರವು ಎಲ್ಲ ಬಣ್ಣಗಳನ್ನೂ ಒಂದೇ ಬಿಂದುವಿಗೆ ತರಲಾರದು. ನೀಲಿ, ನೇರಿಳೆ ಬಣ್ಣಗಳು ಸ್ವಲ್ಪ ಹೊರಕ್ಕೆ ಚೆಲ್ಲಿ, ಪ್ರತಿ ನಕ್ಷತ್ರದ ಸುತ್ತಲೂ ನೀಲಿಯ ಪ್ರಭಾವಲಯವನ್ನು ಕಟ್ಟುತ್ತವೆ. ಕೃತ್ತಿಕೆಯ ನಕ್ಷತ್ರಗಳೇ ನೀಲಿ. ಅವುಗಳ ಸುತ್ತಣ ನೀಹಾರಿಕೆಯೂ ನೀಲಿ. ಮಸೂರದ ದೋಷವು ನಿಸರ್ಗದ ವೇಷವನ್ನೇ ಹಾಕಿಕೊಂಡು ಬರುವ ಅಪಾಯ ಇಲ್ಲಿದೆ. ಆದ್ದರಿಂದ ಬಣ್ಣಗಳನ್ನು ಇನ್ನೂ ಚೆನ್ನಾಗಿ ಒಗ್ಗೂಡಿಸುವ ಉತ್ತಮ ಮಸೂರವಾಗಲಿ, ಬಣ್ಣದ ದೋಷವೇ ಇಲ್ಲದ ದರ್ಪಣದ ದೂರದರ್ಶಕವಾಗಲಿ ಇದ್ದರೆ ಲೇಸು. ದರ್ಪಣದ ದೂರದರ್ಶಕದಲ್ಲಿ ಒಳಗಿನ ಸಣ್ಣ ಕನ್ನಡಿಯನ್ನು ಹಿಡಿದಿರುವ ಕಡ್ಡಿಗಳಿಂದಾಗಿ ನಕ್ಷತ್ರಗಳಿಗೆ ಶಿಲುಬೆಯಂತೆ ನಾಲ್ಕು ಕಿರಣಗಳು ಮೂಡುತ್ತವೆ. ಚೆಲುವಾಗಿ ಕಂಡರೂ ಅವು ಕಡ್ಡಿಗಳವೇ ಹೊರತು ನಕ್ಷತ್ರದವಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದುದು ದೂರದರ್ಶಕವಲ್ಲ, ಅದನ್ನು ಹೊರುವ ಪೀಠ. ಭೂಮಿ ತನ್ನ ಅಕ್ಷದ ಮೇಲೆ ೨೩ ಗಂಟೆ ೫೬ ನಿಮಿಷಗಳಿಗೊಮ್ಮೆ ಸುತ್ತುತ್ತದೆ. ಆಕಾಶವೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಜಾರುತ್ತಿರುವಂತೆ ತೋರುತ್ತದೆ. ನಾವು ಹೇಳಿದ ೪೦೦ ಮಿಲಿಮೀಟರ್ ದೂರದರ್ಶಕವನ್ನು ಅಲುಗಾಡದೆ ನಿಲ್ಲಿಸಿದರೆ ಕೃತ್ತಿಕೆಯ ಬಿಂಬವು ಒಂದೇ ನಿಮಿಷದಲ್ಲಿ ಒಂದೂವರೆ ಮಿಲಿಮೀಟರಿಗೂ ಹೆಚ್ಚು ಸರಿದುಹೋಗುತ್ತದೆ, ಚುಕ್ಕೆಗಳಾಗಬೇಕಾದವು ಗೆರೆಗಳಾಗುತ್ತವೆ. ಆದುದರಿಂದ ಪೀಠದ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿಟ್ಟು, ಭೂಮಿ ತಿರುಗುವ ವೇಗದಿಂದಲೇ ಅದರ ವಿರುದ್ಧ ದಿಕ್ಕಿಗೆ ಒಂದು ಸಣ್ಣ ಮೋಟಾರಿನಿಂದ ತಿರುಗಿಸಬೇಕು. ಅಕ್ಷವನ್ನು ಸರಿಹೊಂದಿಸಲು ಧ್ರುವನಕ್ಷತ್ರವೇ ಗುರುತು. ನಿಜವಾದ ಧ್ರುವಬಿಂದುವಿಗೂ ಆ ನಕ್ಷತ್ರಕ್ಕೂ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಅಂತರವಿದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಸೀಮೆಯವರಿಗೆ ಇಲ್ಲಿ ಒಂದು ತೊಡಕು, ಒಂದು ಅನುಕೂಲ ಎರಡೂ ಉಂಟು. ಧ್ರುವನ ಎತ್ತರ ನಮ್ಮ ಅಕ್ಷಾಂಶದಷ್ಟೇ. ಬೆಂಗಳೂರಿನಲ್ಲಿ ಅದು ಉತ್ತರ ದಿಗಂತದಿಂದ ಸುಮಾರು ೧೩ ಡಿಗ್ರಿ, ಮೈಸೂರಿನಲ್ಲಿ ಇನ್ನೂ ಕಡಿಮೆ. ಪೀಠದ ಅಕ್ಷ ಬಹುಮಟ್ಟಿಗೆ ಮಲಗಿದಂತೆಯೇ ಇರುತ್ತದೆ. ಒಂದು ತೆಂಗಿನಮರವೋ ನೆರೆಮನೆಯ ಮಹಡಿಯೋ ಅಡ್ಡಬಂದರೆ ಧ್ರುವನು ಕಾಣುವುದೇ ಇಲ್ಲ. ಸ್ಥಳವನ್ನು ಆರಿಸುವಾಗ ಉತ್ತರ ದಿಕ್ಕು ಬಯಲಾಗಿರುವಂತೆ ನೋಡಿಕೊಳ್ಳತಕ್ಕದ್ದು. ಅನುಕೂಲವೇನೆಂದರೆ, ಕೃತ್ತಿಕೆ ನಮ್ಮ ನೆತ್ತಿಯಿಂದ ಕೇವಲ ೧೧ ಡಿಗ್ರಿ ಉತ್ತರಕ್ಕೆ ಹಾದುಹೋಗುತ್ತದೆ. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ವಾಯುಮಂಡಲದ ಅತಿ ಕಡಿಮೆ ದಪ್ಪವನ್ನು ದಾಟಿ ಬರುವುದರಿಂದ ಬಿಂಬ ನಿರ್ಮಲವಾಗಿರುವುದು. ಯೂರೋಪಿನ ಉತ್ತರ ದೇಶಗಳವರಿಗೆ ಈ ಭಾಗ್ಯವಿಲ್ಲ.

ಕಾಲದ ವಿಷಯ. ನವೆಂಬರಿನ ನಡುವೆ ಸೂರ್ಯನು ಮುಳುಗುವ ಹೊತ್ತಿಗೆ ಕೃತ್ತಿಕೆ ಮೂಡುತ್ತದೆ; ಆದರೆ ನಮ್ಮಲ್ಲಿ ಆಗ ಹಿಂಗಾರಿನ ಮೋಡಗಳು ಪೂರ್ತಿ ತೊಲಗಿರುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ರಾತ್ರಿಗಳೇ ಪ್ರಶಸ್ತ. ಮಕರ ಸಂಕ್ರಾಂತಿಯ ಹೊತ್ತಿಗೆ ರಾತ್ರಿ ಸುಮಾರು ಎಂಟೂವರೆಗೆ ಅದು ನೆತ್ತಿಯ ಬಳಿ ಇರುತ್ತದೆ. ಚಂದ್ರನಿಲ್ಲದ ರಾತ್ರಿಯನ್ನು ಆರಿಸಬೇಕು. ಯಾವ ಪೂರ್ಣಿಮೆಯಿಂದ ಕಾರ್ತಿಕ ಮಾಸಕ್ಕೆ ಹೆಸರು ಬಂದಿತೋ ಆ ಪೂರ್ಣಿಮೆಯೇ ಈ ಕೆಲಸಕ್ಕೆ ವರ್ಷದಲ್ಲೆಲ್ಲ ಕೆಟ್ಟ ರಾತ್ರಿ. ಅಮಾವಾಸ್ಯೆಯ ಸುತ್ತಮುತ್ತಣ ದಿನಗಳು ಒಳ್ಳೆಯವು.

ದೂರದರ್ಶಕವನ್ನು ಒಂದು ಪ್ರಕಾಶಮಾನವಾದ ನಕ್ಷತ್ರಕ್ಕೆ ತಿರುಗಿಸಿ ಬಿಂಬವನ್ನು ಸ್ಫುಟಗೊಳಿಸುವುದು ಮೊದಲ ಕೆಲಸ. ಇದಕ್ಕೆ ರಷ್ಯದ ಹವ್ಯಾಸಿಯಾದ ಬಾಹ್ಟಿನೋವ್ ೨೦೦೫ರಲ್ಲಿ ಒಂದು ಸರಳೋಪಾಯವನ್ನು ಕಂಡುಹಿಡಿದನು. ಮೂರು ದಿಕ್ಕುಗಳಲ್ಲಿ ಸೀಳುಗಳನ್ನು ಕೊರೆದ ಒಂದು ತಟ್ಟೆಯನ್ನು ದೂರದರ್ಶಕದ ಬಾಯಿಗೆ ಮುಚ್ಚಿದರೆ ನಕ್ಷತ್ರಕ್ಕೆ ಮೂರು ಗೆರೆಗಳು ಮೂಡುತ್ತವೆ. ನಡುವಣ ಗೆರೆ ಉಳಿದೆರಡರ ಸರಿಮಧ್ಯಕ್ಕೆ ಬಂದಾಗ ಬಿಂಬ ಸ್ಫುಟವಾಯಿತೆಂದು ಅರ್ಥ. ರಾತ್ರಿ ತಣ್ಣಗಾದಂತೆ ಲೋಹದ ಕೊಳವೆ ಕುಗ್ಗುವುದರಿಂದ ಗಂಟೆಗೊಮ್ಮೆ ಇದನ್ನು ಮತ್ತೆ ಪರೀಕ್ಷಿಸಬೇಕು.

ಮುಂದೆ ಬೆಳಕನ್ನು ಹಿಡಿಯುವ ಕ್ರಮ. ರಾಬರ್ಟ್ಸನ ಕಾಲದಲ್ಲಿ ಒಂದೇ ಫಲಕವನ್ನು ಗಂಟೆಗಟ್ಟಲೆ ತೆರೆದಿಟ್ಟು, ಪಕ್ಕದ ದೂರದರ್ಶಕದಲ್ಲಿ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು, ಅದು ಕದಲಿದಾಗಲೆಲ್ಲ ಕೈಯಿಂದ ಸರಿಪಡಿಸುತ್ತ ಕೂಡಬೇಕಾಗಿತ್ತು. ಇಂದು ಆ ಕಾವಲಿನ ಕೆಲಸವನ್ನು ಇನ್ನೊಂದು ಸಣ್ಣ ಕ್ಯಾಮೆರಾವೂ ಗಣಕಯಂತ್ರವೂ ಮಾಡುತ್ತವೆ. ಅಲ್ಲದೆ ಒಂದು ಗಂಟೆಯ ಒಂದೇ ಚಿತ್ರದ ಬದಲು ಒಂದೊಂದು ನಿಮಿಷದ ಅರವತ್ತು ಚಿತ್ರಗಳನ್ನು ತೆಗೆದು, ಗಣಕದಲ್ಲಿ ಒಂದರ ಮೇಲೊಂದು ಸರಿಯಾಗಿ ಕೂಡಿಸುವುದು ವಾಡಿಕೆ. ಒಂದು ವಿಮಾನ ಹಾದುಹೋದರೆ ಒಂದು ಚಿತ್ರ ಕೆಡುವುದೇ ಹೊರತು ಇಡೀ ರಾತ್ರಿಯ ಶ್ರಮವಲ್ಲ. ಕೂಡಿಸುವುದರಿಂದಾಗುವ ಲಾಭವೇನು? ನೀಹಾರಿಕೆಯ ಬೆಳಕು ಎಲ್ಲ ಚಿತ್ರಗಳಲ್ಲಿಯೂ ಒಂದೇ ಸ್ಥಳದಲ್ಲಿ ಬೀಳುತ್ತದೆ. ಸಂವೇದಕದ ಹಾಗೂ ಬೆಳಕಿನ ಏರಿಳಿತದಿಂದಾಗುವ ಕಲಬೆರಕೆ ಒಂದೊಂದರಲ್ಲಿ ಒಂದೊಂದು ಕಡೆ ಬೀಳುತ್ತದೆ. ನೂರು ಚಿತ್ರಗಳನ್ನು ಕೂಡಿಸಿದರೆ ಬೆಳಕು ನೂರರಷ್ಟಾಗುವುದು. ಕಲಬೆರಕೆ ನೂರರ ವರ್ಗಮೂಲವಾದ ಹತ್ತರಷ್ಟು ಮಾತ್ರ ಆಗುವುದು. ಸಂತೆಯ ಗದ್ದಲದಲ್ಲಿ ಎಲ್ಲರೂ ಬೇರೆ ಬೇರೆ ಮಾತನಾಡುತ್ತಿದ್ದು, ಒಬ್ಬನು ಮಾತ್ರ ಒಂದೇ ಮಾತನ್ನು ನೂರು ಸಲ ಹೇಳಿದರೆ ಅದು ಕೇಳಿಬರುವಂತೆ ಇದು.

ಇದರೊಡನೆ ಇನ್ನೆರಡು ಬಗೆಯ ಚಿತ್ರಗಳು ಬೇಕು. ದೂರದರ್ಶಕದ ಬಾಯಿಯನ್ನು ಮುಚ್ಚಿ, ಅಷ್ಟೇ ಕಾಲ, ಅಷ್ಟೇ ಉಷ್ಣತೆಯಲ್ಲಿ ತೆಗೆದ ಕತ್ತಲೆಯ ಚಿತ್ರಗಳು ಮೊದಲನೆಯವು. ಸಂವೇದಕವು ತನ್ನ ಶಾಖದಿಂದಲೇ ಹುಟ್ಟಿಸುವ ಸುಳ್ಳು ಬೆಳಕು ಇವುಗಳಲ್ಲಿ ದಾಖಲಾಗುತ್ತದೆ, ಅದನ್ನು ಕಳೆಯಬೇಕು. ಸಮನಾಗಿ ಬೆಳಗಿದ ಬಿಳಿಯ ಮೇಲ್ಮೈಯ ಚಿತ್ರಗಳು ಎರಡನೆಯವು. ಗಾಜಿನ ಮೇಲಣ ಧೂಳಿನ ನೆರಳೂ ಅಂಚುಗಳ ಮಬ್ಬೂ ಇವುಗಳಲ್ಲಿ ಕಾಣುತ್ತವೆ; ಅವುಗಳಿಂದ ಭಾಗಿಸಬೇಕು. ತನ್ನ ತಕ್ಕಡಿಯಲ್ಲಿ ಎಷ್ಟು ಓರೆಯಿದೆಯೆಂದು ಮೊದಲು ತಿಳಿದುಕೊಂಡು ಆಮೇಲೆ ತೂಗುವ ವ್ಯಾಪಾರಿಯ ಪ್ರಾಮಾಣಿಕತೆ ಇದು.

ದೂರದರ್ಶಕವಿಲ್ಲದವರೂ ನಿರಾಶರಾಗಬೇಕಾದುದಿಲ್ಲ. ೫೦ ಮಿಲಿಮೀಟರ್ ಮಸೂರದ ಸಾಧಾರಣ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಎರಡು ಮೂರು ಸೆಕೆಂಡುಗಳ ಹಲವು ಹತ್ತು ಚಿತ್ರಗಳನ್ನು ತೆಗೆದು ಕೂಡಿಸಿದರೆ, ಕಣ್ಣಿಗೆ ಕಂಡ ಆರರ ಸುತ್ತಲೂ ಕಣ್ಣಿಗೆ ಕಾಣದ ಎಷ್ಟೋ ನಕ್ಷತ್ರಗಳು ಮೂಡುವುದನ್ನು ಯಾರಾದರೂ ನೋಡಬಹುದು.

ಈಗ ನಮ್ಮ ವಿಷಯದ ಮರ್ಮಕ್ಕೆ ಬರೋಣ. ಚಿತ್ರವೊಂದು ಸಿದ್ಧವಾಯಿತು; ನಕ್ಷತ್ರಗಳ ಸುತ್ತ ನೀಲಿಯ ಮಬ್ಬು ಕಾಣುತ್ತಿದೆ. ಇದು ನೀಹಾರಿಕೆಯೆಂದು ನಂಬುವುದು ಹೇಗೆ? ಮಸೂರದ ಬಣ್ಣದ ದೋಷವೂ ಮಬ್ಬನ್ನು ಮಾಡುತ್ತದೆಂದು ಹೇಳಿದೆವು. ಮಾಗಿಯ ರಾತ್ರಿಯಲ್ಲಿ ಗಾಜಿನ ಮೇಲೆ ಕೂಡುವ ಇಬ್ಬನಿಯೂ ಮಾಡುತ್ತದೆ. ತೆಳುವಾದ ಮೋಡವೂ ಮಾಡುತ್ತದೆ. ಟೆಂಪಲನ ಕಾಲದ ವಿವಾದವು ಪ್ರತಿಯೊಬ್ಬ ಹವ್ಯಾಸಿಯ ಮುಂದೆಯೂ ಮತ್ತೆ ಎದ್ದು ನಿಲ್ಲುತ್ತದೆ. ಇದಕ್ಕೆ ಮೂರು ಪರೀಕ್ಷೆಗಳನ್ನು ಹೇಳಬಹುದು. ಮೊದಲನೆಯದು: ಉಪಕರಣದಿಂದ ಹುಟ್ಟಿದ ಮಬ್ಬು ಎಲ್ಲ ನಕ್ಷತ್ರಗಳಿಗೂ ಅವುಗಳ ಪ್ರಕಾಶಕ್ಕೆ ತಕ್ಕಂತೆ ಬರುತ್ತದೆ, ನಿಜವಾದ ನೀಹಾರಿಕೆ ಪಕ್ಷಪಾತಿ. ಅದು ಮೆರೋಪೆಯ ಬಳಿ ದಟ್ಟವಾಗಿಯೂ, ಮಾಯಾದ ಬಳಿ ಸ್ಪಷ್ಟವಾಗಿಯೂ ಇದ್ದು, ಪೂರ್ವದಲ್ಲಿರುವ ಅಟ್ಲಸ್ಸಿನ ಬಳಿ ಬಹಳ ಕ್ಷೀಣವಾಗಿರುತ್ತದೆ. ಅಟ್ಲಸ್ ಮೆರೋಪೆಗಿಂತ ಪ್ರಕಾಶಮಾನವಾದ ನಕ್ಷತ್ರ. ಅಟ್ಲಸ್ಸಿನ ಸುತ್ತಲೂ ಮೆರೋಪೆಯಷ್ಟೇ ಮಬ್ಬಿದ್ದರೆ ಸಂದೇಹಪಡತಕ್ಕದ್ದು. ಎರಡನೆಯದು: ಸುಳ್ಳು ಮಬ್ಬು ದುಂಡಗಿರುತ್ತದೆ, ನಿಜವಾದುದು ಮೆರೋಪೆಯಿಂದ ದಕ್ಷಿಣಕ್ಕೆ ಬಾಚಿದ ಕೂದಲಿನಂತೆ ಎಳೆಯೆಳೆಯಾಗಿ ಇಳಿದಿರುತ್ತದೆ. ಮೂರನೆಯದು: ಇನ್ನೊಂದು ರಾತ್ರಿ ಗುಂಪನ್ನು ಚೌಕಟ್ಟಿನ ಬೇರೊಂದು ಭಾಗದಲ್ಲಿಟ್ಟು ಚಿತ್ರ ತೆಗೆಯಬೇಕು. ಗಾಜಿನೊಳಗಣ ಪ್ರತಿಫಲನವಾಗಿದ್ದರೆ ಅದು ನಕ್ಷತ್ರಗಳನ್ನು ಬಿಟ್ಟು ಸರಿಯುತ್ತದೆ. ನೀಹಾರಿಕೆಯಾಗಿದ್ದರೆ ನಕ್ಷತ್ರಗಳೊಡನೆಯೇ ಇರುತ್ತದೆ.

ಚಿತ್ರವನ್ನು ಗಣಕದಲ್ಲಿ ತಿದ್ದುವಾಗಲೂ ಇದೇ ವಿವೇಕ ಬೇಕು. ಮಂದವಾದ ಬೆಳಕನ್ನು ಎತ್ತಿ ತೋರಿಸುವುದು ತಪ್ಪಲ್ಲ. ಅದಿಲ್ಲದೆ ನೀಹಾರಿಕೆ ಕಾಣುವುದೇ ಇಲ್ಲ. ಆದರೆ ಎತ್ತುವುದಾದರೆ ಇಡೀ ಚಿತ್ರವನ್ನು ಒಂದೇ ನಿಯಮದಿಂದ ಎತ್ತಬೇಕು. ಇಲ್ಲಿ ಇಷ್ಟು ನೀಲಿ ಬಳಿದರೆ ಚೆನ್ನ, ಅಲ್ಲಿ ಒಂದೆಳೆ ಸೇರಿಸಿದರೆ ಸೊಗಸು ಎಂದು ಕುಂಚ ಹಿಡಿದವನು ಚಿತ್ರಕಾರನಾಗಬಹುದು, ಸಾಕ್ಷಿಯಾಗಲಾರನು. ಛಾಯಾಚಿತ್ರಕ್ಕೆ ಖಗೋಳದಲ್ಲಿ ಗೌರವ ಬಂದುದು ಅದು ಚೆಲುವಾಗಿದೆಯೆಂದಲ್ಲ, ಅದು ಸಾಕ್ಷಿ ನುಡಿಯಬಲ್ಲದೆಂದು.

ಸರಿಯಾಗಿ ತೆಗೆದ ಚಿತ್ರ ಎಷ್ಟೋ ಸಂಗತಿಗಳನ್ನು ನುಡಿಯುತ್ತದೆ. ನಕ್ಷತ್ರಗಳ ನೀಲಿಯೇ ಅವುಗಳ ಉಷ್ಣತೆ. ಸೂರ್ಯನ ಮೇಲ್ಮೈ ಸುಮಾರು ೫,೫೦೦ ಡಿಗ್ರಿ ಸೆಂಟಿಗ್ರೇಡ್. ಕೃತ್ತಿಕೆಯ ಪ್ರಮುಖರು ಅದರ ಎರಡರಷ್ಟಕ್ಕೂ ಮೀರಿ ಕಾದಿರುವವರು. ಇಷ್ಟು ಉಜ್ವಲವಾಗಿ ಉರಿಯುವ ನಕ್ಷತ್ರಗಳು ಬಹುಕಾಲ ಬಾಳಲಾರವು. ಅವು ಇನ್ನೂ ಇವೆಯಾದರೆ ಗುಂಪು ಎಳೆಯದಾಗಿರಲೇಬೇಕು. ಅದರ ವಯಸ್ಸು ಸುಮಾರು ೧೦ ಕೋಟಿ ವರ್ಷಗಳೆಂದು ಗಣಿಸಿದ್ದಾರೆ. ಸೂರ್ಯನ ೪೬೦ ಕೋಟಿ ವರ್ಷಗಳ ಮುಂದೆ ಇವರು ತೊಟ್ಟಿಲ ಕೂಸುಗಳು. ನಕ್ಷತ್ರಗಳು ಹುಟ್ಟಿದ ಮೇಘದ ಅವಶೇಷವೇ ಈ ನೀಹಾರಿಕೆಯೆಂದು ಹಿಂದೆ ಭಾವಿಸಿದ್ದರು; ಗುಂಪು ತನ್ನ ದಾರಿಯಲ್ಲಿ ಅಕಸ್ಮಾತ್ತಾಗಿ ಹೊಕ್ಕಿರುವ ಬೇರೊಂದು ಧೂಳಿನ ಮೇಘ ಇದೆಂಬುದು ಇಂದಿನ ಅಭಿಪ್ರಾಯ. ಇಡೀ ಗುಂಪು ವರ್ಷಕ್ಕೆ ಒಂದು ವಿಕಲೆಯ ಇಪ್ಪತ್ತನೆಯ ಒಂದು ಭಾಗದಷ್ಟು ಒಟ್ಟಾಗಿ ಸರಿಯುತ್ತಿದೆ. ಚಂದ್ರನ ಅಗಲದಷ್ಟು ಸರಿಯಲು ೩೬,೦೦೦ ವರ್ಷಗಳಾದರೂ ಬೇಕು. ಇನ್ನು ೨೫ ಕೋಟಿ ವರ್ಷಗಳಲ್ಲಿ ಈ ಒಡಹುಟ್ಟಿದವರು ಚದುರಿಹೋಗುವರೆಂದು ಎಣಿಕೆ.

ದೂರದ ವಿಷಯದಲ್ಲಿ ಈಚೆಗೆ ಒಂದು ದೊಡ್ಡ ವಿವಾದವೇ ನಡೆಯಿತು. ಹಿಪ್ಪಾರ್ಕಸ್ ಎಂಬ ಉಪಗ್ರಹದ ಅಳತೆಗಳು ೧೯೯೭ರಲ್ಲಿ ಪ್ರಕಟವಾದಾಗ ಕೃತ್ತಿಕೆಯ ದೂರ ಸುಮಾರು ೩೯೦ ಜ್ಯೋತಿರ್ವರ್ಷಗಳೆಂದು ಬಂದಿತು. ಬೇರೆ ಕ್ರಮಗಳಿಂದ ಬಂದುದು ಅದಕ್ಕಿಂತ ಹೆಚ್ಚು. ನಕ್ಷತ್ರಗಳ ಜೀವನವನ್ನು ಅಳೆಯಲು ಕೃತ್ತಿಕೆಯೇ ಒಂದು ಗಜಕಡ್ಡಿ. ಗಜಕಡ್ಡಿಯೇ ತಪ್ಪಾದರೆ ಅಳೆದುದೆಲ್ಲ ತಪ್ಪು. ೨೦೧೪ರಲ್ಲಿ ರೇಡಿಯೋ ದೂರದರ್ಶಕಗಳ ಜಾಲದಿಂದ ಅಳೆದಾಗ ಸುಮಾರು ೪೪೪ ಜ್ಯೋತಿರ್ವರ್ಷಗಳೆಂದು ತಿಳಿಯಿತು. ಅನಂತರ ಗಯಾ ಉಪಗ್ರಹವೂ ಬಹುಮಟ್ಟಿಗೆ ಅದನ್ನೇ ಹೇಳಿತು. ಅಂದಮೇಲೆ, ಇಂದು ನಮ್ಮ ಕ್ಯಾಮೆರಾವನ್ನು ಸೇರುವ ಬೆಳಕು ಅಲ್ಲಿಂದ ಹೊರಟಾಗ ೧೫೬೫ರ ತಾಳೀಕೋಟೆಯ ಯುದ್ಧ ಮುಗಿದು ಹದಿನೈದು ವರ್ಷಗಳ ಮೇಲಾಗಿತ್ತು. ಗೆಲಿಲಿಯೋ ಇನ್ನೂ ಮೀಸೆ ಮೂಡದ ಹುಡುಗ.

ಕಡೆಯದಾಗಿ ಒಂದು ಚಿಂತೆಯ ಮಾತು. ಅಷ್ಟು ದೂರದಿಂದ ಬಂದ ಬೆಳಕು ಕಡೆಯ ಒಂದು ಮೈಲಿಯಲ್ಲಿ ನಮ್ಮ ಬೀದಿಯ ದೀಪಗಳಿಗೆ ಸೋಲುತ್ತಿದೆ. ಊರಿನ ಆಕಾಶ ಹಳ್ಳಿಯ ಆಕಾಶದ ಹತ್ತರಷ್ಟು ಬೆಳಕಾಗಿದ್ದರೆ, ಹಳ್ಳಿಯಲ್ಲಿ ಒಂದು ಗಂಟೆಯಲ್ಲಿ ಆಗುವ ಕೆಲಸಕ್ಕೆ ಊರಿನಲ್ಲಿ ಹತ್ತು ಗಂಟೆ ಬೇಕು. ಇದಕ್ಕೆ ಬಣ್ಣದ ಶೋಧಕಗಾಜುಗಳನ್ನು ಕೊಂಡರೆ ಆಗದೆ ಎಂದು ಕೇಳಬಹುದು. ಕೆಲವು ನೀಹಾರಿಕೆಗಳು ತಾವೇ ಹೊಳೆಯುವ ಅನಿಲಗಳಾಗಿದ್ದು, ಗೊತ್ತಾದ ಒಂದೆರಡು ಬಣ್ಣಗಳನ್ನು ಮಾತ್ರ ಸೂಸುತ್ತವೆ. ಆ ಬಣ್ಣಗಳನ್ನು ಬಿಟ್ಟುಕೊಂಡು ಉಳಿದುದನ್ನು ತಡೆಯುವ ಗಾಜು ಅಲ್ಲಿ ಉಪಕರಿಸುವುದು. ಕೃತ್ತಿಕೆಯ ನೀಹಾರಿಕೆ ಅಂತಹುದಲ್ಲ. ೧೯೧೨ರಲ್ಲಿ ಅಮೆರಿಕದ ಸ್ಲೈಫರ್ ಅದರ ಬೆಳಕನ್ನು ವಿಭಜಿಸಿ ನೋಡಿದಾಗ ಅದು ನಕ್ಷತ್ರಗಳ ಬೆಳಕಿನಂತೆಯೇ ಇದ್ದಿತು. ಅದು ಧೂಳು, ತನ್ನದೆಂಬ ಬೆಳಕಿಲ್ಲದೆ ನಕ್ಷತ್ರಗಳ ಬೆಳಕನ್ನು ಚದುರಿಸುತ್ತದೆ. ಎಲ್ಲ ಬಣ್ಣಗಳೂ ಅದರಲ್ಲಿರುವುದರಿಂದ ಬೀದಿಯ ಬೆಳಕನ್ನು ತಡೆದರೆ ಅದನ್ನೂ ತಡೆದಂತೆಯೇ. ಇಲ್ಲಿ ಹಣದಿಂದ ಕೊಳ್ಳಬಹುದಾದ ಪರಿಹಾರವಿಲ್ಲ, ಕತ್ತಲೆಯೇ ಬೇಕು.

ಕತ್ತಲೆಯೂ ಕಾಪಾಡತಕ್ಕ ಸಂಪತ್ತೆಂದು ಈಗ ಜನ ಅರಿಯತೊಡಗಿದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಧಶಾಲೆಯಿರುವ ಲಡಾಖಿನ ಹಾನ್ಲೆಯ ಸುತ್ತಣ ಪ್ರದೇಶವನ್ನು ೨೦೨೨ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ವಲಯವೆಂದು ಘೋಷಿಸಿದರು. ಎಲ್ಲರೂ ಲಡಾಖಿಗೆ ಹೋಗಲಾರೆವು. ಆದರೆ ಬೆಳಕು ಬೇಕಾಗಿರುವುದು ನೆಲದ ಮೇಲೆ. ಆಕಾಶಕ್ಕೆ ಅದನ್ನು ಚೆಲ್ಲುವುದು ದಂಡ. ಮೇಲಕ್ಕೆ ಮರೆಯಿ್ಟ್ಟು ಕೆಳಕ್ಕೆ ಬೀಳುವಂತೆ ದೀಪಗಳನ್ನು ಹಾಕುವುದು, ಬೇಡದ ಹೊತ್ತಿನಲ್ಲಿ ಆರಿಸುವುದು ಪ್ರತಿಯೊಂದು ಮನೆಗೂ ಸಾಧ್ಯವಾದ ಕೆಲಸ. ತನ್ನ ಮನೆಯ ಮಾಳಿಗೆಯ ಮೇಲೆ ನಿಂತು ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರಗಳಿವೆಯೆಂದು ಮಗುವೊಂದು ಎಣಿಸಿದಾಗ ಅದಕ್ಕೆ ಆರಾದರೂ ಸಿಕ್ಕಬೇಕು. ಆ ಎಣಿಕೆಯಲ್ಲಿ ಕುತೂಹಲ ಹುಟ್ಟಿದ ಮೇಲೆ ದೂರದರ್ಶಕ, ಕ್ಯಾಮೆರಾ, ಗಣಿತ ಎಲ್ಲವೂ ತಾವಾಗಿಯೇ ಹಿಂಬಾಲಿಸಿ ಬರುತ್ತವೆ.